ಕಪ್ಪಾಗುವವರೆಗೆ ಕಾಣದ ಬೆಳ್ಳಿ

ಹಾಡುತ್ತ ಹಾಡುತ್ತ ರಾಗ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮಾತು ದಿಟವೇ. ಆದರೆ ಮೊದಲ ಹಾಡಿಗೂ ಕೊನೆಗೆ ಒಲಿದ ರಾಗಕ್ಕೂ ನಡುವೆ ಎಷ್ಟು ಅಪಸ್ವರಗಳು ಕಳೆಯಬೇಕು, ಅವನ್ನು ಕೇಳಿಕೊಳ್ಳುತ್ತ ಹಾಡುವವನ ಮನಸ್ಸು ಎಷ್ಟು ಸಲ ಕುಗ್ಗುತ್ತದೆ ಎಂಬುದನ್ನು ಗಾದೆ ಹೇಳುವುದಿಲ್ಲ. ಬಿಡುವಿನ ವೇಳೆಯಲ್ಲಿ ಹೊಸದೊಂದು ಕಲೆಯನ್ನು ಕಲಿಯಬೇಕೆಂದು ಆಸೆಪಟ್ಟು, ಕೊಳಲನ್ನೋ ಕುಂಚವನ್ನೋ ಉಳಿಯನ್ನೋ ಕೈಗೆತ್ತಿಕೊಂಡು, ಮೂರೇ ತಿಂಗಳಲ್ಲಿ ಅದನ್ನು ಅಟ್ಟಕ್ಕೇರಿಸಿದವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಅವರಿಗೆ ಶ್ರದ್ಧೆಯಿರಲಿಲ್ಲ ಎಂದುಬಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಕಲಿಕೆಯಲ್ಲಿ ತಪ್ಪು ಎಲ್ಲೆಲ್ಲಿ ಆಗುತ್ತದೆ, ಯಾವುದನ್ನು ತಿದ್ದಬಹುದು, ಯಾವುದನ್ನು ತಿದ್ದಲಾಗದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಚೆನ್ನಾಗಿ ಹೇಳಿಕೊಡಬಲ್ಲ ಕಲೆಯೊಂದು ನಮ್ಮ ಬೀದರ ಜಿಲ್ಲೆಯಲ್ಲಿಯೇ ಇದೆ. ಅದರ ಚರಿತ್ರೆಯನ್ನು ಈ ಒಂದು ದೃಷ್ಟಿಯಿಂದ ನೋಡೋಣವೆಂದು ನಾನು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ನಾನು ಭಾಲ್ಕಿ ತಾಲ್ಲೂಕಿನ ಮೆಹಕರದವನು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ ನಮ್ಮದು. ನಮ್ಮ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳು ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಅಜ್ಜಿಯ ಪಕ್ಕದಲ್ಲಿ ಕುಳಿತ ಮೊಮ್ಮಗಳು ಸೂಜಿ ಹಿಡಿಯುತ್ತಾಳೆ. ಸಾಲು ಸೊಟ್ಟಗಾದರೆ ದಾರವನ್ನು ಎಳೆದು ಮತ್ತೆ ಹಾಕುತ್ತಾಳೆ. ಬಟ್ಟೆ ಹಳೆಯದು, ದಾರ ಅಗ್ಗದ್ದು. ಬಿಚ್ಚಿ ಹೊಲಿಯುವುದಕ್ಕೆ ಅವಕಾಶವಿರುವಲ್ಲಿ ತಪ್ಪು ಭಯ ಹುಟ್ಟಿಸುವುದಿಲ್ಲ. ಆದ್ದರಿಂದಲೇ ಕೌದಿಯನ್ನು ಯಾರೂ ಕಷ್ಟಪಟ್ಟು ಕಲಿತೆವೆಂದು ಹೇಳಿಕೊಳ್ಳುವುದಿಲ್ಲ. ಆದರೆ ಎಲ್ಲ ಕಲೆಗಳೂ ಇಷ್ಟು ದಯಾಳುಗಳಲ್ಲ. ಜಿಲ್ಲೆಯ ಕೇಂದ್ರವಾದ ಬೀದರಕ್ಕೆ ಹೋಗಿ, ಚೌಬಾರದ ಸುತ್ತಿನ ಓಣಿಗಳಲ್ಲಿ ಬಿದರಿ ಕೆಲಸ ಮಾಡುವವರ ಮುಂದೆ ಒಂದು ಗಳಿಗೆ ನಿಂತರೆ ಈ ವ್ಯತ್ಯಾಸ ತಿಳಿಯುತ್ತದೆ.

ಬಹಮನಿ ಸುಲ್ತಾನ ಅಹಮದ್ ಶಾಹನು 1422ರಿಂದ 1436ರವರೆಗೆ ಆಳಿದ. ರಾಜಧಾನಿ ಕಲಬುರಗಿಯಿಂದ ಬೀದರಕ್ಕೆ ಬಂದದ್ದು ಅವನ ಕಾಲದಲ್ಲಿ. ಅವನ ಕರೆಯ ಮೇರೆಗೆ ಇರಾನಿನಿಂದ ಬಂದ ಕುಶಲಿಯೊಬ್ಬನು ಈ ಕಲೆಯನ್ನು ಇಲ್ಲಿ ನೆಲೆಗೊಳಿಸಿದನೆಂದು ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಸಂಗ್ರಹಾಲಯಗಳಲ್ಲಿ ಉಳಿದುಬಂದಿರುವ ಬಿದರಿ ವಸ್ತುಗಳು ಬಹುಮಟ್ಟಿಗೆ 17ನೆಯ ಶತಮಾನದವು ಮತ್ತು ಅನಂತರದವು. ಕಪ್ಪು ನೆಲದ ಮೇಲೆ ಬಿಳಿಯ ಚಿತ್ತಾರ ಬಿಡಿಸುವ ರುಚಿಯಂತೂ ಈ ಊರಿಗೆ ಹಳೆಯದು. 1542ರಿಂದ 1580ರವರೆಗೆ ಆಳಿದ ಅಲಿ ಬರೀದನ ಕಾಲದ ರಂಗೀನ್ ಮಹಲನ್ನು ಕೋಟೆಯೊಳಗೆ ನೋಡಿದವರಿಗೆ ಅದು ಗೊತ್ತು. ಅಲ್ಲಿ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಅದೇ ಕಣ್ಣು ಲೋಹಕ್ಕೆ ಹೊರಳಿದರೆ ಬಿದರಿಯಾಗುತ್ತದೆ.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತಪ್ಪುಗಳ ಕಥೆ ಅಡಗಿರುವುದು ಅಲ್ಲಿಯೇ. ಬಿದರಿಯ ಲೋಹದಲ್ಲಿ ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. 16 ಭಾಗ ಸತುವಿಗೆ 1 ಭಾಗ ತಾಮ್ರ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಇದನ್ನು ಎರಕ ಹೊಯ್ಯುತ್ತಾರೆ. ಎರಕವನ್ನು ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಗೀರಿದ ಗೆರೆ ಕಾಣಲೆಂದು. ಆಮೇಲೆ ಮೊನಚಾದ ಕಡ್ಡಿಯಿಂದ ಬಳ್ಳಿ, ಹೂವು, ನಕ್ಷತ್ರಗಳನ್ನು ಬರಿಗೈಯಲ್ಲಿಯೇ ಬರೆದು, ಸಣ್ಣ ಉಳಿಯಿಂದ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯನ್ನು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಬೆಳ್ಳಿಯ ತಂತಿಯನ್ನು ಕೂರಿಸಿದರೆ ತಾರಕಶಿ, ತಗಡನ್ನು ಕೂರಿಸಿದರೆ ತಹನಿಶಾನ್. ಮತ್ತೆ ಉಜ್ಜಿ ನಯಮಾಡುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ತಿಕ್ಕುತ್ತಾರೆ. ಲೋಹದ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಹೊಳೆಯುತ್ತದೆ. ಮೇಲೆ ಎಣ್ಣೆ ಸವರಿದರೆ ಕೆಲಸ ಮುಗಿಯಿತು.

ಈಗ ತಪ್ಪುಗಳನ್ನು ನೋಡಿ. ಮೊದಲನೆಯ ಬಗೆಯ ತಪ್ಪು ಬೆಂಕಿಯ ಮುಂದೆ ಆಗುವಂಥದು. ಸತು 419 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ತಾಮ್ರಕ್ಕೆ ಬೇಕಾದದ್ದು 1085 ಡಿಗ್ರಿ. ಅಷ್ಟು ಕಾಯಿಸಹೋದರೆ ಸತುವು 907 ಡಿಗ್ರಿಯಲ್ಲಿಯೇ ಕುದಿದು ಆವಿಯಾಗಿ ಹೋಗುತ್ತದೆ. ಆದುದರಿಂದ ಕರಗಿದ ಸತುವಿನಲ್ಲಿ ತಾಮ್ರವನ್ನು ಮೆಲ್ಲಗೆ ಬೆರೆಸಿಕೊಳ್ಳುವ ಹದವನ್ನು ಕಣ್ಣಿನಿಂದಲೇ ಕಲಿಯಬೇಕು. ಎರಕದಲ್ಲಿ ಗುಳ್ಳೆ ಉಳಿಯಬಹುದು, ಅಂಚು ತುಂಬದೆ ಹೋಗಬಹುದು, ಸತು ಪೆಡಸಾದುದರಿಂದ ಬಿರುಕು ಬಿಡಬಹುದು. ಆದರೆ ಈ ತಪ್ಪುಗಳಿಗೆಲ್ಲ ಒಂದು ಸಮಾಧಾನವಿದೆ: ಕೆಟ್ಟ ಎರಕವನ್ನು ಮತ್ತೆ ಮೂಸೆಗೆ ಹಾಕಬಹುದು. ನಷ್ಟವಾಗುವುದು ಒಂದು ದಿನದ ದುಡಿಮೆ, ಸ್ವಲ್ಪ ಇದ್ದಿಲು. ಕೌದಿಯ ದಾರದಂತೆ ಲೋಹವೂ ಇಲ್ಲಿ ಬಿಚ್ಚಿಕೊಡುತ್ತದೆ.

ಎರಡನೆಯ ಬಗೆಯ ತಪ್ಪು ಉಳಿಯ ತುದಿಯಲ್ಲಿ ಆಗುವಂಥದು. ಕೊರೆದ ಗೆರೆಯನ್ನು ಅಳಿಸಲಾಗದು. ಕಾಲುವೆ ಆಳ ಸಾಲದಿದ್ದರೆ ನಯಮಾಡುವಾಗ ಬೆಳ್ಳಿ ಎದ್ದು ಬರುತ್ತದೆ. ಅಗಲ ಹೆಚ್ಚಾದರೆ ತಂತಿ ಹಿಡಿದು ನಿಲ್ಲುವುದಿಲ್ಲ. ದಾರಿತಪ್ಪಿದ ಗೆರೆಯನ್ನು ಇನ್ನೊಂದು ಎಲೆಯಾಗಿ, ಇನ್ನೊಂದು ಕುಡಿಯಾಗಿ ತಿರುಗಿಸಿಕೊಳ್ಳಬೇಕು; ಆಗದಿದ್ದರೆ ಅಷ್ಟು ದಿನದ ಕೆಲಸವನ್ನು ಮೂಸೆಗೆ ಒಪ್ಪಿಸಬೇಕು. ಈ ಹಂತದಲ್ಲಿ ಬುದ್ಧಿಗೆ ಮುಂಚೆ ಕೈ ಕಲಿಯಬೇಕಾಗಿದೆ. ಕೈ ಬುದ್ಧಿಗಿಂತ ನಿಧಾನ. ಚಿತ್ರ ಹೇಗಿರಬೇಕೆಂದು ಕಣ್ಣಿಗೆ ಚೆನ್ನಾಗಿ ಗೊತ್ತು, ಕೈ ಮಾತ್ರ ಅದನ್ನು ಬರೆಯದು. ಕಲಿಯುವವನ ಸಂಕಟವೆಲ್ಲ ಈ ಅಂತರದಲ್ಲಿದೆ. ಹಾಗೆ ನೋಡಿದರೆ ಸಂಕಟ ಒಳ್ಳೆಯ ಲಕ್ಷಣವೇ. ತನ್ನ ಗೆರೆ ಸೊಟ್ಟಗಿದೆಯೆಂದು ನೋಯುವವನ ಕಣ್ಣು ಆಗಲೇ ಪಳಗಿದೆ; ಕೈ ಬಂದು ಅದನ್ನು ಕೂಡಿಕೊಳ್ಳುವುದು ಬಾಕಿ.

ಮೂರನೆಯದು ತಪ್ಪೇ ಅಲ್ಲ, ಆದರೆ ತಪ್ಪಿಗಿಂತ ಹೆಚ್ಚು ಜನರನ್ನು ಹಿಂದಕ್ಕೆ ಕಳಿಸುವಂಥದು. ಬೆಳ್ಳಿ ಕೂರಿಸಿ, ಉಜ್ಜಿ ನಯಮಾಡಿದ ಬಿದರಿ ವಸ್ತುವನ್ನು ಆ ಸ್ಥಿತಿಯಲ್ಲಿ ನೋಡಿದವರು ಕಡಿಮೆ. ಮೈಲುತುತ್ತದ ಕಪ್ಪು ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಸತುವಿನ ಮೈ ಬೂದಿ ಬಿಳುಪು, ಬೆಳ್ಳಿಯೂ ಬಿಳುಪು. ವಾರಗಟ್ಟಲೆ ಕಣ್ಣು ನೋಯಿಸಿಕೊಂಡು ಬಿಡಿಸಿದ ಚಿತ್ತಾರ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ದುಡಿಮೆಯೆಲ್ಲ ಮುಗಿದಿದೆ, ಕಣ್ಣಿಗೆ ಏನೂ ಇಲ್ಲ! ಕೊನೆಯ ಮಣ್ಣು ತಾಗಿದ ಮೇಲೆ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಎದ್ದು ನಿಲ್ಲುತ್ತದೆ. ಉಸ್ತಾದನಿಗೆ ಇದು ಗೊತ್ತು, ಆದ್ದರಿಂದ ಅವನು ನಿಶ್ಚಿಂತ. ಹೊಸ ಶಾಗಿರ್ದನಿಗೆ ಗೊತ್ತಿಲ್ಲ. ಅವನು ನಂಬಬೇಕು, ಅಷ್ಟೇ. ಹೊಸ ಕಲೆಗೆ ಕೈಯಿಟ್ಟವರಲ್ಲಿ ಅನೇಕರು ಹಿಂದೆಗೆಯುವುದು ಇಂಥ ಬಿಳುಪಿನ ದಿನಗಳಲ್ಲಿಯೇ. ಸಂಗೀತದಲ್ಲಿ ಸರಳೆ, ಅಲಂಕಾರಗಳ ತಿಂಗಳುಗಳು ಇಂಥವು. ಚಿತ್ರಕಲೆಯಲ್ಲಿ ಬರಿಯ ಗೆರೆ ಎಳೆಯುವ ತಿಂಗಳುಗಳೂ ಇಂಥವೇ. ಕೂತ ಬೆಳ್ಳಿ ಕೂತೇ ಇರುತ್ತದೆ, ಕಾಣುವ ಕಾಲ ಬಂದಿರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಿದರಿಯ ಗುಟ್ಟು ಕೋಟೆಯ ಮಣ್ಣಿನಲ್ಲಿದೆಯೆಂದು ಊರವರೆಲ್ಲ ಹೇಳುತ್ತಾರೆ. ಶತಮಾನಗಳಿಂದ ಬಿಸಿಲು ಮಳೆ ತಾಗದ ಮೂಲೆಯ ಮಣ್ಣು, ಅದನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ ಎಂದು ಬೆರಗಿನಿಂದ ವರ್ಣಿಸುತ್ತಾರೆ. ಹಾಗಾದರೆ ಆ ಮಣ್ಣೊಂದು ಸಿಕ್ಕಿದರೆ ಸಾಕೇ? ಚರಿತ್ರೆ ಬೇರೆ ಉತ್ತರ ಕೊಡುತ್ತದೆ. 18, 19ನೆಯ ಶತಮಾನಗಳಲ್ಲಿ ಬಿದರಿ ಕೆಲಸ ಲಖನೌ, ಮುರ್ಷಿದಾಬಾದ್, ಬಿಹಾರದ ಪುರ್ಣಿಯಾಗಳಲ್ಲಿಯೂ ನಡೆಯುತ್ತಿತ್ತು. ಬೀದರದ ಕೋಟೆ ಅಲ್ಲಿಗೆಲ್ಲ ಹೋಗಿರಲಿಲ್ಲ. ಹೋದದ್ದು ಕಲಿತ ಕೈಗಳ ವಿದ್ಯೆ. ಮಣ್ಣಿನ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಕೊನೆಯ ಉಪಕಾರ. ಕೊರೆಯದ ಗೆರೆಯನ್ನು ಯಾವ ಮಣ್ಣೂ ತೋರಿಸಲಾರದು. ಹವ್ಯಾಸಿಗಳು ಸಾಮಾನ್ಯವಾಗಿ ಮೊದಲು ಹುಡುಕುವುದು ಈ ಮಣ್ಣನ್ನೇ: ಬೆಲೆಬಾಳುವ ವೀಣೆ, ವಿದೇಶದ ಬಣ್ಣ, ಒಂದು ವಾರದಲ್ಲಿ ಕಲಿಸುವ ಪುಸ್ತಕ.

ಒಬ್ಬ ವ್ಯಕ್ತಿ ಹೊಸದನ್ನು ಕಲಿಯುವಂತೆ ಇಡೀ ಕಲೆಯೇ ಹೊಸದಾಗಿ ಕಲಿಯಬೇಕಾದ ಸಂದರ್ಭವೂ ಬರುತ್ತದೆ. ಹಿಂದೆ ಬಿದರಿಯವರು ಹೆಚ್ಚಾಗಿ ಮಾಡುತ್ತಿದ್ದದ್ದು ಹುಕ್ಕಾದ ಬುಡ, ಪಾನದಾನ, ಪೀಕದಾನಿ, ಹೂಜಿ. ದರಬಾರು, ದಿವಾನಖಾನೆಗಳ ಸಾಮಗ್ರಿ ಅದು. ಲಂಡನ್ನಿನಲ್ಲಿ 1851ರಲ್ಲಿ ನಡೆದ ಮಹಾಪ್ರದರ್ಶನಕ್ಕೂ ಬಿದರಿ ಹೋಗಿತ್ತು. ಆಮೇಲೆ ಹುಕ್ಕಾದ ಕಾಲ ಮುಗಿಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಬೀದರ ಕನ್ನಡ ನಾಡಿಗೆ ಸೇರಿತು. ಕೊಳ್ಳುವವರು ಬದಲಾದರು. ಹುಕ್ಕಾದ ದುಂಡು ಹೊಟ್ಟೆಯ ಮೇಲೆ ಬಳ್ಳಿ ಹಬ್ಬಿಸುವುದಕ್ಕೆ ಪಳಗಿದ ಕೈ, ಸಿಗರೇಟಿನ ಡಬ್ಬಿಯ ಚಪ್ಪಟೆ ಮುಚ್ಚಳಕ್ಕೆ, ಆಮೇಲೆ ಅಂಗಿಯ ಗುಂಡಿಗೆ, ಕಿವಿಯ ಓಲೆಗೆ ಅದೇ ಬಳ್ಳಿಯನ್ನು ಕುಗ್ಗಿಸುವುದನ್ನು ಕಲಿಯಬೇಕಾಯಿತು. ವಿಸ್ತಾರದಲ್ಲಿ ಚೆಲುವಾಗಿದ್ದುದು ಅಂಗುಲದಷ್ಟು ಜಾಗದಲ್ಲಿ ಗೋಜಲಾಗುತ್ತದೆ. ಯಾವುದನ್ನು ಬಿಡಬೇಕೆಂದು ಗೊತ್ತಾಗುವುದು ಬಿಡಿಸಿ ನೋಡಿದ ಮೇಲೆಯೇ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿತು. 2023ರಲ್ಲಿ ಬೀದರದ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ನಾವು ಕೊಂಡಾಡುವುದು ಈ ಕೊನೆಯ ಹೊಳಪನ್ನು. ಅದರ ಹಿಂದೆ ಮೂಸೆಗೆ ಮರಳಿ ಹೋದ ವಸ್ತುಗಳ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ಇಷ್ಟು ಹೇಳಿ, ಹವ್ಯಾಸಿಗೂ ಕಸುಬಿನವನಿಗೂ ಇರುವ ಒಂದು ಅಂತರವನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಕಸುಬಿನ ಮನೆಯ ಹುಡುಗ ತಪ್ಪಿದರೆ ಬೆಳ್ಳಿ ಕೆಡುತ್ತದೆ, ಕೂಲಿ ತಪ್ಪುತ್ತದೆ. ಅವನ ತಪ್ಪಿಗೆ ಮನೆಯ ಒಲೆ ಲೆಕ್ಕ ಕೇಳುತ್ತದೆ. ಆ ಭಾರವನ್ನು ಹೊತ್ತು ಅವನು ವರ್ಷಗಟ್ಟಲೆ ಕೂರುತ್ತಾನೆ. ಕೂರಲಾರದೆ ಬೇರೆ ಉದ್ಯೋಗ ಹುಡುಕಿಕೊಂಡು ಹೋದರೆ ಅವನನ್ನು ಯಾರೂ ದೂರುವಂತಿಲ್ಲ. ಸಂಬಳ ತಂದು, ಊಟ ಮಾಡಿ, ಸಂಜೆಯ ಒಂದು ಗಂಟೆಯನ್ನು ಕಲೆಗೆ ಕೊಡುವ ನಮ್ಮಂಥವರಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಪುಕ್ಕಟೆಯಾಗಿ ಸಿಕ್ಕಿದೆ. ಚರಿತ್ರೆಯಲ್ಲಿ ಬಹಳ ಮಂದಿಗೆ ಸಿಗದಿದ್ದ ಭಾಗ್ಯ ಇದು. ಅದನ್ನು ನಾಚಿಕೆಯೆಂದು ತಿಳಿದು ಬಚ್ಚಿಡುವುದಾಗಲಿ, ಮೊದಲ ಸೊಟ್ಟ ಗೆರೆಗೇ ಉಳಿಯನ್ನು ಕೆಳಗಿಡುವುದಾಗಲಿ ಆ ಭಾಗ್ಯಕ್ಕೆ ಮಾಡುವ ಅವಮಾನ.

ಹಾಗೆ ಕಲಿಯಹೊರಟವರೆಲ್ಲ ಉಸ್ತಾದರಾಗಬೇಕೆಂದು ನಾನು ಹೇಳುತ್ತಿಲ್ಲ, ಆಗುವುದೂ ಇಲ್ಲ. ಆದರೆ ಒಂದು ಲಾಭವಂತೂ ಖಂಡಿತ. ಒಂದು ಅಂಗುಲ ಬೆಳ್ಳಿಯ ತಂತಿಯನ್ನು ಸತುವಿನಲ್ಲಿ ಕೂರಿಸಲು ಒಂದು ಸಂಜೆಯೆಲ್ಲ ಹೆಣಗಿದವನು, ಮರುದಿನ ಬಿದರಿಯ ಹೂದಾನಿಯೊಂದನ್ನು ಕೈಗೆತ್ತಿಕೊಂಡಾಗ ಅದರ ಬಳ್ಳಿಯ ಪ್ರತಿಯೊಂದು ತಿರುವಿನಲ್ಲಿಯೂ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಬೆಲೆ ಕೇಳುವಾಗ ಅವನ ದನಿ ತಗ್ಗುತ್ತದೆ. ಚೌಕಾಸಿಗೆ ಬಾಯಿ ಬರುವುದಿಲ್ಲ. ಕಲೆ ಉಳಿಯುವುದಕ್ಕೆ ಮಾಡುವವರಷ್ಟೇ, ಹೀಗೆ ನೋಡಬಲ್ಲವರೂ ಬೇಕು.