ನಾಲ್ಕರ ಮೇಲೆ 97

1994ರಲ್ಲಿ ನಿಂಟೆಂಡೊ ಕಂಪನಿ ತನ್ನ ಗೇಮ್ ಬಾಯ್‌ಗಾಗಿ ತಂದ ಒಂದು ಕಾರ್ಟ್ರಿಜ್‌ನ ಹೆಸರು ‘ಡಾಂಕಿ ಕಾಂಗ್’, ಅಷ್ಟೇ. ಹಿಂದೆ ಮುಂದೆ ಇನ್ನೊಂದು ಪದವಿಲ್ಲ. 13 ವರ್ಷ ಹಳೆಯ ಆರ್ಕೇಡ್ ಆಟದ ಹೆಸರನ್ನೇ ಹೊಸದಕ್ಕೂ ಇಟ್ಟಿದ್ದರು. ಗೊಂದಲ ಬೇಡವೆಂದು ಆಟಗಾರರೇ ಮುಂದೆ ಅದಕ್ಕೆ ‘94’ ಎಂದು ಬಾಲ ಕಟ್ಟಿದರು.

ಮೂಲ ಆಟ ಹುಟ್ಟಿದ್ದು ಇಕ್ಕಟ್ಟಿನಲ್ಲಿ. ‘ರಾಡಾರ್ ಸ್ಕೋಪ್’ ಎಂಬ ಆಟದ ಸುಮಾರು 2,000 ಯಂತ್ರಗಳು ಅಮೆರಿಕದಲ್ಲಿ ಮಾರಾಟವಾಗದೆ ಉಳಿದಿದ್ದವು. ಅದೇ ಪೆಟ್ಟಿಗೆಗಳಿಗೆ ಹೊಸ ಆಟ ತುಂಬುವ ಕೆಲಸ ಶಿಗೆರು ಮಿಯಾಮೊಟೊ ಎಂಬ ಯುವ ಕಲಾವಿದನ ಪಾಲಿಗೆ ಬಂತು. ಮೇಲ್ವಿಚಾರಣೆ ಗುನ್‌ಪೇ ಯೊಕೊಯಿ ಅವರದು. 1981ರಲ್ಲಿ ಹೊರಬಂದ ಆಟದಲ್ಲಿ ಇದ್ದದ್ದು ನಾಲ್ಕು ಹಂತ: 25 ಮೀಟರ್, 50, 75, 100. ಗೊರಿಲ್ಲಾ ಪೀಪಾಯಿ ಉರುಳಿಸುತ್ತದೆ, ಕೆಳಗಿನಿಂದ ‘ಜಂಪ್‌ಮ್ಯಾನ್’ ಹತ್ತಿ ಬರುತ್ತಾನೆ. ಅವನೇ ಆಮೇಲೆ ಮಾರಿಯೊ ಆದ.

ಆರ್ಕೇಡ್ ಆಟಕ್ಕೆ ಕೊನೆ ಬೇಕಿರಲಿಲ್ಲ, ನಾಣ್ಯ ಬೇಕಿತ್ತು. 100 ಮೀಟರ್ ಮುಗಿದರೆ ಮತ್ತೆ 25ರಿಂದ ಶುರು, ಇನ್ನಷ್ಟು ಕಷ್ಟ. ಹೀಗೆ ಸುತ್ತುತ್ತಾ ಹೋದವರಿಗೆ 22ನೇ ಸುತ್ತಿನಲ್ಲಿ ಯಂತ್ರದ ಲೆಕ್ಕವೇ ತಪ್ಪುತ್ತಿತ್ತು. ಸುತ್ತಿನ ಸಂಖ್ಯೆಯನ್ನು 10ರಿಂದ ಗುಣಿಸಿ 40 ಕೂಡಿಸಿ ಸಮಯ ಕೊಡುವುದು ಅದರ ಕ್ರಮ. 22ಕ್ಕೆ 260 ಬರುತ್ತದೆ. ಎಂಟು ಬಿಟ್ಟಿನಲ್ಲಿ 255ಕ್ಕಿಂತ ಹೆಚ್ಚು ಹಿಡಿಯದು. ಉಳಿಯುವುದು ಬರೀ 4. ಕೆಲವೇ ಸೆಕೆಂಡಿನಲ್ಲಿ ಮಾರಿಯೊ ಸಾಯುತ್ತಾನೆ, ಯಾವ ತಪ್ಪೂ ಮಾಡದೆ. ಆ ಆಟಕ್ಕಿದ್ದ ‘ಮುಕ್ತಾಯ’ ಅದೊಂದೇ.

ಮನೆಗೆ ತರುವಾಗ ಕತ್ತರಿ ಬಿತ್ತು. 1983ರ ಫ್ಯಾಮಿಕಾಮ್ ಆವೃತ್ತಿಯಲ್ಲಿ 50 ಮೀಟರಿನ ಹಂತವೇ ಇಲ್ಲ. ನಮ್ಮೂರುಗಳಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ನಕಲಿ ಕಾರ್ಟ್ರಿಜ್‌ಗಳಲ್ಲಿ ಇದ್ದದ್ದೂ ಈ ಮೊಟಕು ಪ್ರತಿಯೇ. ನನ್ನ ಓರಗೆಯ ಹಲವರಿಗೆ ಡಾಂಕಿ ಕಾಂಗ್ ಎಂದರೆ ಇಂದಿಗೂ ಮೂರೇ ಹಂತ.

ಹಾಗಿರುವಾಗ ಗೇಮ್ ಬಾಯ್‌ನಿಂದ ಏನು ನಿರೀಕ್ಷಿಸಬಹುದಿತ್ತು? ಮೂಲದ ಪರದೆ ಎತ್ತರದ್ದು, 224×256 ಚುಕ್ಕಿಗಳು, ಬಣ್ಣದ್ದು. ಇದು 160×144, ನಾಲ್ಕೇ ಛಾಯೆ. ಬಹುಪಾಲು ಕಂಪನಿಗಳು ಇಂಥ ಕಡೆ ಕುಗ್ಗಿಸಿ ಕೈತೊಳೆದುಕೊಳ್ಳುತ್ತಿದ್ದವು. ಇಲ್ಲಿಯೂ ಮೊದಲ ನಾಲ್ಕು ಹಂತ ಆಡುವಾಗ ಹಾಗೇ ಅನಿಸುತ್ತದೆ. ಗೊರಿಲ್ಲಾ ಬೀಳುತ್ತದೆ, ಮಾರಿಯೊ ಪಾಲಿನ್ ಕೂಡುತ್ತಾರೆ. ಮುಗಿಯಿತು ಅನ್ನುವಷ್ಟರಲ್ಲಿ ಗೊರಿಲ್ಲಾ ಎದ್ದು ಅವಳನ್ನು ಮತ್ತೆ ಹೊತ್ತುಕೊಂಡು ಓಡುತ್ತದೆ. ಅಲ್ಲಿಂದ ಮುಂದೆ ಇನ್ನೂ 97 ಹಂತ: ನಗರ, ಕಾಡು, ಹಡಗು, ಮರುಭೂಮಿ, ಹಿಮಗಡ್ಡೆ.

ನನ್ನನ್ನು ಹಿಡಿದದ್ದು ಆ ಸಂಖ್ಯೆಯಲ್ಲ, ಆಟದ ಸ್ವಭಾವವೇ ಬದಲಾದ ಬಗೆ. ಈಗ ಮೇಲೆ ಹತ್ತಿದರೆ ಸಾಲದು. ಬೀಗದ ಕೈ ಹುಡುಕಿ, ಹೊತ್ತು ತಂದು ಬಾಗಿಲು ತೆಗೆಯಬೇಕು. ನಡುವೆ ಕೆಳಗಿಟ್ಟು ತಡಮಾಡಿದರೆ ಅದು ಮೊದಲಿದ್ದ ಜಾಗಕ್ಕೇ ವಾಪಸ್. ಮಾರಿಯೊ ಕೈಮೇಲೆ ನಿಲ್ಲುತ್ತಾನೆ, ಹಿಂದಕ್ಕೆ ಲಾಗ ಹಾಕುತ್ತಾನೆ. ಆರ್ಕೇಡಿನಲ್ಲಿ ತುಸು ಎತ್ತರದಿಂದ ಬಿದ್ದರೂ ಸಾವು. ಇಲ್ಲಿ ಉರುಳಿ, ಸಾವರಿಸಿಕೊಂಡು ಏಳುವ ಅವಕಾಶವಿದೆ. ಬೆರಳಿನ ಚುರುಕಿಗಿಂತ ಯೋಚನೆಗೆ ಬೆಲೆ. ಆಟವನ್ನು ಅರ್ಧಕ್ಕೆ ಉಳಿಸಿಟ್ಟು ನಾಳೆ ಮುಂದುವರಿಸಬಹುದು. ಬಸ್ಸಿನಲ್ಲಿ, ಲೋಕಲ್ ರೈಲಿನಲ್ಲಿ ಕೂತವರಿಗೆ ಬೇಕಾದದ್ದು ಇದೇ ತಾನೆ? ನಿಮಿಷಕ್ಕೊಂದು ನಾಣ್ಯ ಕೇಳುವ ಯಂತ್ರದ ತರ್ಕ ಜೇಬಿನ ಯಂತ್ರಕ್ಕೆ ಒಗ್ಗುವುದಿಲ್ಲ ಎಂದು ಇದನ್ನು ಮಾಡಿದವರಿಗೆ ಗೊತ್ತಿತ್ತು.

ಅನುವಾದದ ಬಗ್ಗೆ ನಾವು ಮಾತಾಡುವಾಗ ಮೂಲನಿಷ್ಠೆಯ ಪ್ರಶ್ನೆ ಬಂದೇ ಬರುತ್ತದೆ. ಈ ಆಟ ಅದನ್ನು ನಾಲ್ಕು ಹಂತದಲ್ಲಿ ತೀರಿಸಿ ತನ್ನ ಪಾಡಿಗೆ ಹೊರಡುತ್ತದೆ. ಪದಕ್ಕೆ ಪದ ಇಟ್ಟ ಫ್ಯಾಮಿಕಾಮ್ ಪ್ರತಿಗಿಂತ ಇದೇ ಮೂಲಕ್ಕೆ ಹತ್ತಿರವೆಂದು ನನ್ನ ವಾದ. ಒಪ್ಪದವರಿದ್ದಾರೆ, ಇರಲಿ.

ಅದೇ ವರ್ಷ ‘ಸೂಪರ್ ಗೇಮ್ ಬಾಯ್’ ಎಂಬ ಸಾಧನವೂ ಬಂತು. ಅದರ ಮೂಲಕ ಗೇಮ್ ಬಾಯ್ ಕಾರ್ಟ್ರಿಜ್‌ಗಳನ್ನು ಟಿವಿಯಲ್ಲಿ ಬಣ್ಣದಲ್ಲಿ ಆಡಬಹುದಿತ್ತು. ಅದಕ್ಕೆಂದೇ ಸಜ್ಜಾಗಿ ಬಂದ ಮೊದಲ ಆಟ ಇದು. ಟಿವಿಯ ಪರದೆ ದೊಡ್ಡದು, ಆಟದ ಚಿತ್ರ ಚಿಕ್ಕದು. ಸುತ್ತ ಉಳಿದ ಜಾಗದಲ್ಲಿ ಅವರು ಬಿಡಿಸಿದ್ದು 1981ರ ಆರ್ಕೇಡ್ ಪೆಟ್ಟಿಗೆಯ ಚಿತ್ರ.