ಊರು ಸಾಕಿದ ಸಾಲಿ

ಹಾವೇರಿಯಿಂದ ಪಶ್ಚಿಮಕ್ಕೆ ಹೊರಟರೆ ಎರೆಹೊಲಗಳು ಹಿಂದೆ ಸರಿದು ಭತ್ತದ ಗದ್ದೆ, ಮಾವಿನ ತೋಪುಗಳು ಕಾಣಿಸಿಕೊಳ್ಳುವಲ್ಲಿ ಹಾನಗಲ್ ಬರುತ್ತದೆ. ಬಯಲುಸೀಮೆ ಮುಗಿಯುವ, ಮಲೆನಾಡು ಇನ್ನೂ ಶುರುವಾಗದ ಜಾಗ. ಶಾಸನಗಳಲ್ಲಿ ಇದು ಪಾನುಂಗಲ್ಲು. ಪಾನುಂಗಲ್ಲು-500 ಎಂಬ ನಾಡಿನ ಕೇಂದ್ರ, ಕದಂಬರ ಒಂದು ಶಾಖೆಯ ರಾಜಧಾನಿ. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರಿ ಇದೇ ಎಂದು ಊರಿನ ಹಿರಿಯರು ಹೇಳುತ್ತಾರೆ. ತಾರಕೇಶ್ವರ ಗುಡಿಯ ಛಾವಣಿಯಲ್ಲಿ ಕೆತ್ತಿದ ಕಮಲವನ್ನು ಕತ್ತೆತ್ತಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಗುಡಿಯ ಚರಿತ್ರೆ ಬರೆದವರು ಬಹಳ ಮಂದಿ ಇದ್ದಾರೆ. ಇಲ್ಲಿ ಹೇಳಹೊರಟದ್ದು ಈ ಸೀಮೆಯ ಸಾಲಿಗಳ ಸಂಗತಿ, ಅವನ್ನು ಸಾಕಿದ ಓಣಿಗಳ ಸಂಗತಿ.

ಬ್ರಿಟಿಷರ ಕಾಲದ ಮುಂಬೈ ಸರಕಾರದ ಕನ್ನಡ ಸಾಲಿಗಳು ಬರುವ ಮೊದಲು ಈ ಭಾಗದಲ್ಲಿದ್ದದ್ದು ಗಾಂವಠಿ ಸಾಲಿ. ಗುಡಿಯ ಕಟ್ಟೆಯೋ, ಗೌಡರ ಪಡಸಾಲೆಯೋ ಅದರ ಜಾಗ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮಾಸ್ತರರಿಗೆ ಪಗಾರ ಎಂಬುದಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಕಾಳು, ಹಬ್ಬಕ್ಕೆ ಒಂದು ಧೋತರ. ಪಕ್ಕದ ಶಿಗ್ಗಾವಿ ಸೀಮೆಯ ಶಿಶುನಾಳ ಶರೀಫರೂ ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದವರೇ. ಸಾಲಿಯನ್ನು ಉಣಿಸಿ ಉಳಿಸುವುದು ಊರಿನ ಹೊಣೆ ಎಂಬ ತಿಳಿವಳಿಕೆ ಅಂದು ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಆ ತಿಳಿವಳಿಕೆಯನ್ನು ದೊಡ್ಡ ಕೆಲಸಕ್ಕೆ ಹಚ್ಚಿದವರು ಹಾನಗಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು. 1867ರಲ್ಲಿ ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಹುಟ್ಟಿದ ಹಾಲಯ್ಯ, ಹಾನಗಲ್ಲಿಗೆ ಬಂದು ಈ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಕಟ್ಟಿಕೊಂಡರು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಕೂಡಿಸಿದರು. ಅದರ ಅಧ್ಯಕ್ಷರಾಗಿದ್ದ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆ ಬರೆದಿಟ್ಟವರು. 1909ರಲ್ಲಿ ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ, ಮಠದ ವಟುಗಳಿಗೆ ವಿದ್ಯೆ ಕಲಿಸುವ ಶಿವಯೋಗಮಂದಿರ ಎದ್ದಿತು. ಇವಕ್ಕೆಲ್ಲ ಹಣ ಎಲ್ಲಿಂದ ಬಂತು ಎಂದು ಕೇಳಬೇಕು. ದೇಸಾಯರು, ವರ್ತಕರು ಕೊಟ್ಟದ್ದು ದಾಖಲೆಯಲ್ಲಿ ಉಳಿಯುತ್ತದೆ. ಜೋಳಿಗೆಗೆ ಬಿದ್ದದ್ದಕ್ಕೆ ದಾಖಲೆಯಿಲ್ಲ.

ಈ ಸೀಮೆಯ ಮನೆಗಳಲ್ಲಿ ಒಲೆಯ ಬದಿಗೆ ಒಂದು ಗಡಿಗೆ ಇರುತ್ತಿತ್ತು. ಅಡಿಗೆಗೆ ಅಕ್ಕಿಯನ್ನೋ ಜೋಳವನ್ನೋ ಅಳೆದುಕೊಂಡ ಮೇಲೆ ಮನೆಯಾಕೆ ಅದರಿಂದ ಒಂದು ಹಿಡಿ ತೆಗೆದು ಆ ಗಡಿಗೆಗೆ ಹಾಕುವಳು. ವಾರಕ್ಕೊಮ್ಮೆ ಮಠದ ಕಡೆಯವರು ಬಂದು ಒಯ್ಯುವರು. ಅದಕ್ಕೆ ಮುಷ್ಟಿಭಿಕ್ಷೆ ಎಂದು ಹೆಸರು. ಹೀಗೆ ಕೂಡಿದ ಕಾಳಿನಿಂದ ಪ್ರಸಾದನಿಲಯಗಳೆಂಬ ಉಚಿತ ವಿದ್ಯಾರ್ಥಿನಿಲಯಗಳ ಹುಡುಗರು ಉಂಡು ಓದಿದರು. ಬ್ರಾಹ್ಮಣರ ಓಣಿಗಳಲ್ಲಿ ವಾರಾನ್ನದ ಪದ್ಧತಿ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಎರಡರಲ್ಲೂ ಜಾತಿಯ ಗೆರೆಗಳಿದ್ದವು, ಆ ಗೆರೆಯಾಚೆಗೆ ಉಳಿದ ಮಕ್ಕಳು ಸಾಲಿಯ ಹೊಸ್ತಿಲನ್ನೇ ತುಳಿಯಲಿಲ್ಲ. ಊರಿನ ಔದಾರ್ಯ ಹೇಳುವಾಗ ಇದನ್ನೂ ಹೇಳಲೇಬೇಕು.

ಆ ಹಿಡಿಕಾಳು ಏನು ಮಾಡಬಲ್ಲದು ಎಂಬುದಕ್ಕೆ ಹಾನಗಲ್ ತಾಲ್ಲೂಕಿನದೇ ಸಾಕ್ಷಿಯಿದೆ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣು ಕಾಣುತ್ತಿರಲಿಲ್ಲ. ಒಡಹುಟ್ಟಿದ ಗುರುಬಸಯ್ಯನಿಗೂ ಅಷ್ಟೇ. ಹಾಡಿಕೊಂಡಿದ್ದ ಈ ಇಬ್ಬರು ಬಡ ಹುಡುಗರನ್ನು ಕುಮಾರ ಸ್ವಾಮಿಗಳು ಕರೆದೊಯ್ದು ಸಂಗೀತ ಕಲಿಸಲು ನಿಂತರು. ಕರ್ನಾಟಕ ಸಂಗೀತವಾದ ಮೇಲೆ ಹಿಂದೂಸ್ತಾನಿ ಕಲಿಸಲು ನೀಲಕಂಠಬುವಾ ಮಿರಜಕರ ಅವರನ್ನು ಶಿವಯೋಗಮಂದಿರಕ್ಕೇ ಕರೆಸಿದರು. ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು. ಅವರು ಕಟ್ಟಿದ್ದು ಊರೂರು ಸುತ್ತುವ ಸಂಗೀತ ಶಾಲೆ: ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳ ಗುಂಪು, ಹಾರ್ಮೋನಿಯಂ, ತಬಲಾ, ತಂಬೂರಿ. ಹೋದ ಊರು ಉಣಿಸಬೇಕು, ಮಲಗಲು ಜಾಗ ಕೊಡಬೇಕು. ಇದೇ ತಾಲ್ಲೂಕಿನ ದೇವರ ಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿ, ಕೂಸಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟಯ್ಯ ಆ ಗುಂಪಿಗೆ ಸೇರಿ, ಮುಂದೆ ಪುಟ್ಟರಾಜ ಗವಾಯಿ ಎನಿಸಿದ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಶಾಲೆ ನೆಲೆ ನಿಂತು, 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿಯ ಗಳಿಕೆಯಿಂದ, ಭಕ್ತರು ನಾಣ್ಯದಲ್ಲಿ ತೂಗಿದ ತುಲಾಭಾರಗಳಿಂದ ಮಕ್ಕಳನ್ನು ಸಾಕಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಅವರು ಹೋದರು. ಒಂದೇ ತಾಲ್ಲೂಕಿನ ಎರಡು ಸಣ್ಣ ಹಳ್ಳಿಗಳ ಇಬ್ಬರು ಕುರುಡು ಹುಡುಗರಿಂದ ಕನ್ನಡನಾಡಿಗೆ ಸಿಕ್ಕಿದ ಗಾಯಕರ, ಸಂಗೀತ ಮಾಸ್ತರರ ಸಾಲು ನೆನೆದಾಗೆಲ್ಲ ನನ್ನ ಎದೆ ತುಂಬುತ್ತದೆ.

ಈಗ ಸಾಲಿ ಸರಕಾರದ್ದು. ಪಗಾರ, ಪುಸ್ತಕ, ಬಿಸಿಯೂಟ ಎಲ್ಲ ಅಲ್ಲಿಂದಲೇ ಬರುತ್ತದೆ, ಬರಬೇಕಾದದ್ದೂ ಹೌದು. ಆದರೆ ಸಾಲಿ ತಮ್ಮದು ಎಂಬ ಮಾತು ಊರವರ ಬಾಯಿಂದ ಸರಿಯತೊಡಗಿತು. ಶಿಕ್ಷಣ ಸುಧಾರಣೆಗೆ ನೇಮಿಸಿದ ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಹುಟ್ಟಿದವು. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ. ಸಮಿತಿಯ ನಡಾವಳಿ ಪುಸ್ತಕ ಮನೆಮನೆಗೆ ಹೋಗಿ ಸಹಿ ತರುವಲ್ಲಿ ಅದು ಕಾಗದದಲ್ಲೇ ಉಳಿಯುತ್ತದೆ. ಸದಸ್ಯೆಯೊಬ್ಬಳು ಗೋವಿನಜೋಳ ಮುರಿಯುವ ದಿನಗಳಲ್ಲಿ ಹಾಜರಿ ಪುಸ್ತಕ ನೋಡಿ, "ಯಾಕವ್ವಾ, ನಿನ್ ಮಗಳು ಮೂರು ದಿನ ಸಾಲಿಗೆ ಬಂದಿಲ್ಲ?" ಎಂದು ಬಾಗಿಲಲ್ಲಿ ನಿಂತು ಕೇಳುವಲ್ಲಿ ಅದು ನಿಜವಾಗಿ ನಡೆಯುತ್ತದೆ.

‘ಸಮುದಾಯದತ್ತ ಶಾಲೆ’ಯ ದಿನ, ಅಂದರೆ ಪಾಲಕರು ಸಾಲಿಗೆ ಬಂದು ಮಕ್ಕಳ ಕಲಿಕೆ ನೋಡುವ ದಿನ, ಒಂದು ಹಳ್ಳಿ ಸಾಲಿಯೊಳಗೆ ನಿಂತು ನೋಡಬೇಕು. ಜಮಖಾನೆಯ ಮೇಲೆ ಮಕ್ಕಳ ನೋಟ್‌ಬುಕ್ಕು ಹರಡಿರುತ್ತಾರೆ. ಓದು ಬಾರದ ತಾಯಿ ಮಗನ ಪುಸ್ತಕ ಯಾವುದೆಂದು ಅವನನ್ನೇ ಕೇಳಿ ಎತ್ತಿಕೊಳ್ಳುತ್ತಾಳೆ. ಅಕ್ಷರ ತಿಳಿಯದಿದ್ದರೂ ಮಾಸ್ತರರ ಕೆಂಪು ಗೆರೆ ಎಲ್ಲೆಲ್ಲಿದೆ ಎಂದು ಬೆರಳಿಟ್ಟು ಹಾಳೆ ತಿರುವುತ್ತಾಳೆ. "ಇದ್ಯಾಕ ಕೆಂಪು?" ಎಂಬ ಆಕೆಯ ಪ್ರಶ್ನೆಗೆ ಹುಡುಗ ಕೊಡುವ ಉತ್ತರವೇ ಆ ದಿನದ ನಿಜವಾದ ಪರೀಕ್ಷೆ.

2020ರ ಕೊರೊನಾ ಕಾಲದಲ್ಲಿ ಊರು ಮತ್ತೆ ಸಾಲಿಯಾಯಿತು. ಸಾಲಿಗಳು ಮುಚ್ಚಿದ್ದವು. ಆಗಸ್ಟಿನಲ್ಲಿ ಸರಕಾರದ ವಿದ್ಯಾಗಮ ಯೋಜನೆ ಶುರುವಾದಾಗ ಶಿಕ್ಷಕರು ಮಕ್ಕಳನ್ನು ಓಣಿವಾರು ಗುಂಪು ಮಾಡಿ ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಲ್ಲಿ ಕೂರಿಸಿದರು. ಗಾಂವಠಿ ಸಾಲಿಯ ಅದೇ ಜಾಗ. ಸೋಂಕು ಹಬ್ಬಿ ಅಕ್ಟೋಬರಿನಲ್ಲಿ ಅದು ನಿಂತಿತು, ನಿಲ್ಲಿಸಿದ್ದು ಸರಿಯೇ. ಆದರೆ ಸೋಂಕು ಹೋದ ಮೇಲೆ ಸಾಲಿಯ ಬಾಗಿಲು ತೆರೆಯಿತೆಂದು ಕಟ್ಟೆಗಳನ್ನು ಖಾಲಿ ಬಿಟ್ಟೆವು. ಅದು ನಷ್ಟ.

ಆ ನಷ್ಟ ತುಂಬಿಕೊಳ್ಳಲು ಈ ತಾಲ್ಲೂಕಿನಲ್ಲಿ ಸಂಘಟನೆಗೆ ಕೊರತೆಯಿಲ್ಲ. ಶೇಷಗಿರಿಯಂಥ ಪುಟ್ಟ ಊರಿನ ಗಜಾನನ ಯುವಕ ಮಂಡಳ ನಾಟಕವನ್ನೇ ಹಿಡಿದು ಹಳ್ಳಿಗೆ ರಂಗಮಂದಿರ ತಂದುಕೊಂಡಿತು. ಭಜನಾ ಮೇಳ, ಗರಡಿ, ಸ್ತ್ರೀಶಕ್ತಿ ಸಂಘ, ಹೋರಿ ಬೆದರಿಸುವ ಹಬ್ಬಕ್ಕೆ ರಾತ್ರೋರಾತ್ರಿ ಕೂಡುವ ಹುಡುಗರ ತಂಡ ಎಲ್ಲ ಊರಲ್ಲೂ ಇವೆ. ಇವರು ಸಾಲಿಗೆ ಬಣ್ಣ ಬಳಿಸಿಕೊಡುತ್ತಾರೆ, ಬೆಂಚು ಕೊಡಿಸುತ್ತಾರೆ, ಸ್ವಾತಂತ್ರ್ಯೋತ್ಸವಕ್ಕೆ ಸಿಹಿ ಹಂಚುತ್ತಾರೆ. ಅವೆಲ್ಲ ಬೇಕು. ಆದರೆ ಬಣ್ಣಕ್ಕಿಂತ ಮಕ್ಕಳಿಗೆ ಬೇಕಾದದ್ದು ಸಂಜೆಯ ಎರಡು ತಾಸು. ಅಪ್ಪ ಅವ್ವ ಹೊಲದಿಂದ ಬರುವುದು ಕತ್ತಲಾದ ಮೇಲೆ. ಲೆಕ್ಕ ತಪ್ಪಿದರೆ ತಿದ್ದಲು ಮನೆಯಲ್ಲಿ ಯಾರೂ ಇಲ್ಲ.

2020ರ ನವೆಂಬರಿನಲ್ಲಿ ಸರಕಾರದ ‘ಓದುವ ಬೆಳಕು’ ಕಾರ್ಯಕ್ರಮ ಬಂದಾಗಿನಿಂದ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟರವರೆಗಿನ ಮಕ್ಕಳಿಗೆ ಸದಸ್ಯತ್ವ ಉಚಿತ. ಕೋಣೆಯಿದೆ, ಪುಸ್ತಕವಿದೆ, ದೀಪವಿದೆ. ಬರುವ ಜೂನಿನ ಮೊದಲ ಸಭೆಯಲ್ಲಿ ಎಸ್‌ಡಿಎಂಸಿಯವರು ಗ್ರಂಥಪಾಲಕರನ್ನೂ ಯುವಕ ಸಂಘದವರನ್ನೂ ಕೂರಿಸಿಕೊಂಡು, ಸಂಜೆ ಆರರಿಂದ ಎಂಟರವರೆಗೆ ಬಾಗಿಲು ತೆಗೆದಿಡುವವರು ಯಾರು, ಸೋಮವಾರ ಯಾರು ಕೂರುತ್ತಾರೆ, ಮಂಗಳವಾರ ಯಾರು ಎಂದು ಬರೆದುಕೊಳ್ಳಲಿ. ಡಿಗ್ರಿ ಮುಗಿಸಿ ಕೆಲಸ ಕಾಯುತ್ತಿರುವ ಹುಡುಗ ಹುಡುಗಿಯರು ಪ್ರತಿ ಓಣಿಯಲ್ಲೂ ಇದ್ದಾರೆ. ಮೊದಲು ಅವರ ಮನೆಗೆ ಹೋಗಿ ಕೇಳಬೇಕು.