1539ರ ರೋಮ್ ಸಮಾಲೋಚನೆ: ಕ್ರೈಸ್ತ ವಿವೇಚನೆಯಲ್ಲಿ ಪ್ರಾರ್ಥನೆ ಮತ್ತು ವಿಚಾರ

ಕಠಿಣ ನಿರ್ಧಾರದ ಹೊತ್ತಿನಲ್ಲಿ ದೇವರ ಚಿತ್ತವನ್ನು ಅರಿಯುವುದು ಹೇಗೆ ಎಂಬ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸುವಾಗ ಅಪೊಸ್ತಲರು ಪ್ರಾರ್ಥಿಸಿ ಚೀಟು ಹಾಕಿದರು. ವಿವೇಕವನ್ನು ದೇವರಲ್ಲೇ ಬೇಡಬೇಕೆಂದು ಯಾಕೋಬನ ಪತ್ರ ಕಲಿಸಿತು. ಹೀಗೆ ಬೇಡಿದವನು ತನ್ನ ಸ್ವಂತ ಬುದ್ಧಿಯನ್ನು ಹೇಗೆ ಬಳಸಬೇಕು? ಇಗ್ನೇಷಿಯಸ್ ಲೊಯೋಲ ಮತ್ತು ಸಂಗಡಿಗರು 1539ರಲ್ಲಿ ರೋಮಿನಲ್ಲಿ ನಡೆಸಿದ ಸಮಾಲೋಚನೆಯ ದಾಖಲೆ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಪ್ರಾರ್ಥನೆಯೂ ವಿಚಾರವೂ ಒಂದೇ ಸಾಧನೆಯ ಎರಡು ಅಂಗಗಳು ಎಂಬುದು ಈ ಲೇಖನದ ಪ್ರತಿಪಾದನೆ.

ಹಿನ್ನೆಲೆ

1521ರ ಮೇ ತಿಂಗಳಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಇಗ್ನೇಷಿಯಸ್ ಕಾಲು ಮುರಿದುಕೊಂಡ. ಹಾಸಿಗೆ ಹಿಡಿದಿದ್ದಾಗ ಅವನೊಂದು ಸಂಗತಿ ಗಮನಿಸಿದ: ವೀರನಾಗಿ ಮೆರೆಯುವ ಕನಸು ಸುಖ ಕೊಟ್ಟು ಬಳಿಕ ಮನಸ್ಸನ್ನು ಬರಿದು ಮಾಡುತ್ತಿತ್ತು, ಸಂತರ ದಾರಿ ಹಿಡಿಯುವ ಯೋಚನೆಯ ಆನಂದ ಆಮೇಲೂ ಉಳಿಯುತ್ತಿತ್ತು. ಈ ಅನುಭವ 1522ರಿಂದ ಮನ್ರೇಸದಲ್ಲಿ ಬೆಳೆದು 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥವಾಯಿತು. 1548ರಲ್ಲಿ ಪೋಪ್ ಮೂರನೆಯ ಪಾಲ್ ಅದಕ್ಕೆ ಒಪ್ಪಿಗೆ ಕೊಟ್ಟರು.

ಸಮಾಲೋಚನೆಯ ಕ್ರಮ

1539ರ ವಸಂತದಲ್ಲಿ ಪೋಪ್ ಇಗ್ನೇಷಿಯಸ್ ಮತ್ತು ಸಂಗಡಿಗರನ್ನು ಬೇರೆ ಬೇರೆ ಕಡೆಗೆ ಕಳಿಸತೊಡಗಿದ್ದರು. ಚದುರಿದರೂ ಒಂದೇ ಬಳಗವಾಗಿ ಉಳಿಯಬೇಕೇ ಎಂಬ ಮೊದಲ ಪ್ರಶ್ನೆಗೆ ಹೌದೆಂಬ ಉತ್ತರ ಬೇಗ ಸಿಕ್ಕಿತು. ತಮ್ಮಲ್ಲೊಬ್ಬನಿಗೆ ವಿಧೇಯತೆಯ ವ್ರತ ತೊಡಬೇಕೇ ಎಂಬ ಎರಡನೆಯದು ಬಗೆಹರಿಯಲಿಲ್ಲ. ಏಕಾಂತಕ್ಕೆ ಹೋಗೋಣವೇ ಎಂದು ಯೋಚಿಸಿ, ಅದನ್ನು ಬಿಟ್ಟು, ಹಗಲಿನ ಸೇವೆ ನಡೆಸುತ್ತಲೇ ನಿರ್ಧರಿಸಲು ಒಪ್ಪಿದರು.

ಅದಕ್ಕೆ ಮೂರು ಸಿದ್ಧತೆಗಳನ್ನು ಗೊತ್ತುಮಾಡಿಕೊಂಡರು. ವಿಧೇಯತೆಯಲ್ಲಿ ಪವಿತ್ರಾತ್ಮನ ಆನಂದ, ಶಾಂತಿ ಸಿಗಲೆಂದು ಪ್ರತಿಯೊಬ್ಬನೂ ಪ್ರಾರ್ಥಿಸಬೇಕು. ಒಬ್ಬರ ಮಾತು ಇನ್ನೊಬ್ಬರನ್ನು ಎಳೆಯದಂತೆ ಆ ವಿಷಯವನ್ನು ತಮ್ಮೊಳಗೆ ಚರ್ಚಿಸಬಾರದು. ತಾನು ಈ ಬಳಗಕ್ಕೆ ಸೇರದ ಹೊರಗಿನವನೆಂದು ಭಾವಿಸಿ ತೂಗಿ ನೋಡಬೇಕು.

ಆ ಬಳಿಕ ಒಂದು ದಿನ ಎಲ್ಲರೂ ವಿರುದ್ಧದ ಕಾರಣಗಳನ್ನೇ ಹೇಳಿದರು: ವಿಧೇಯತೆ ಎಂಬ ಹೆಸರೇ ಜನರಿಗೆ ಹಿಡಿಸದಂತಾಗಿದೆ, ಹಳೆಯ ಮಠಗಳ ನಿಯಮಕ್ಕೆ ಒಳಪಡಿಸಿದರೆ ತಮ್ಮ ಸೇವೆಗೆ ಅಡ್ಡಿಯಾಗಬಹುದು. ಮರುದಿನ ಎಲ್ಲರೂ ಪರವಾದ ಕಾರಣಗಳನ್ನೇ ಮುಂದಿಟ್ಟರು: ವಿಧೇಯತೆಯಿಲ್ಲದೆ ದಿನದ ವ್ಯವಹಾರದ ಹೊಣೆ ಯಾರೂ ಹೊರುವುದಿಲ್ಲ, ಬಳಗವೂ ಬಾಳುವುದಿಲ್ಲ. ಒಂದೇ ದಿನ ಎದುರುಬದುರು ವಾದವಿರಲಿಲ್ಲವಾದ್ದರಿಂದ ಯಾರೂ ತನ್ನ ಪಕ್ಷವನ್ನು ಗೆಲ್ಲಿಸಬೇಕಾಗಿರಲಿಲ್ಲ. ಕೊನೆಗೆ ವ್ರತದ ಪರವಾಗಿ ಒಮ್ಮತ ಮೂಡಿತು. ಉಳಿದ ವಿಷಯಗಳನ್ನೂ ಮುಗಿಸಿ ಜೂನ್ 24ರಂದು ಸಮಾಲೋಚನೆಗೆ ತೆರೆ ಎಳೆದರು.

ಪರಿಣಾಮ ಮತ್ತು ಮಹತ್ವ

1540ರ ಸೆಪ್ಟೆಂಬರ್ 27ರಂದು ಈ ಬಳಗಕ್ಕೆ ಯೇಸುಸಭೆ ಎಂಬ ಹೆಸರಿನಲ್ಲಿ ಪೋಪರ ಮನ್ನಣೆ ದೊರೆಯಿತು. ಸಂಗಡಿಗರಲ್ಲೊಬ್ಬನಾದ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದ. ಇದೇ ಸಭೆಯವರು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು.

ಇಂದಿನ ವಿಶ್ವಾಸಿಗೂ ಈ ದಾಖಲೆ ದಾರಿ ತೋರುತ್ತದೆ. ಸೂಚನೆಗಾಗಿ ಇಗ್ನೇಷಿಯಸ್ ಮತ್ತು ಸಂಗಡಿಗರು ಕೈಕಟ್ಟಿ ಕೂರಲಿಲ್ಲ, ತರ್ಕವನ್ನೊಂದೇ ನಂಬಲೂ ಇಲ್ಲ. ಸ್ವಂತ ಆಸೆ ತಕ್ಕಡಿಯನ್ನು ಜಗ್ಗದಿರಲೆಂದು ಬೇಡಿಕೊಂಡರು, ಅನಂತರ ಇರುವ ಬುದ್ಧಿಯನ್ನೆಲ್ಲ ಬಳಸಿದರು. ದೇವರಲ್ಲಿ ವಿವೇಕ ಬೇಡುವವನು ಯೋಚಿಸುವ ಹೊಣೆಯನ್ನೂ ಹೊರಬೇಕು.